ದುಡಿಮೆ ಮುಗಿದ ಜೀವಿಗೆ ಮನೆಯ ಋಣ

ಮಾನವನ ದಯೆಯು ಪರೀಕ್ಷೆಗೊಳಗಾಗುವುದು ದೊಡ್ಡ ಸಂದರ್ಭಗಳಲ್ಲಿ ಮಾತ್ರವೆಂದು ತಿಳಿಯಲಾಗದು. ಹಸಿದು ಬಾಗಿಲಿಗೆ ಬಂದವನಿಗೆ ಅನ್ನವಿಕ್ಕುವುದು, ದಾರಿಯಲ್ಲಿ ಬಿದ್ದವನನ್ನು ಎತ್ತಿ ಕೂರಿಸುವುದು, ಇವು ನಾಲ್ಕು ಜನರು ನೋಡುವ ಕಾರ್ಯಗಳು. ಮಾಡಿದವನಿಗೆ ಪ್ರಶಂಸೆಯುಂಟು, ಮಾಡದವನಿಗೆ ನಿಂದೆಯುಂಟು. ಆದರೆ ಮನೆಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ, ಬಾಯಿಬಿಟ್ಟು ಹೇಳಲಾರದ ಜೀವಿಯೊಂದು ಮುಪ್ಪಿನಿಂದ ನರಳುತ್ತಿದ್ದರೆ, ಅದರ ವಿಷಯದಲ್ಲಿ ಗೃಹಸ್ಥನು ನಡೆದುಕೊಳ್ಳುವ ರೀತಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಹತ್ತು ಹನ್ನೆರಡು ವರುಷ ಮನೆಯಲ್ಲಿದ್ದು, ಈಗ ಕೀಲುಗಳು ಬಿಗಿದು ಅಟ್ಟವನ್ನೇರಲಾರದೆ ಮಲಗಿರುವ ಬೆಕ್ಕಿಗೆ ಆ ಮನೆಯವರು ಸಲ್ಲಿಸಬೇಕಾದುದೇನು? ಪ್ರಶ್ನೆ ಕೇಳಲು ಸಣ್ಣದು. ಆದರೂ ಕಾಯಕ, ದಾಸೋಹ, ದಯೆ ಎಂದು ನಿತ್ಯವೂ ನುಡಿಯುವ ಮಾತುಗಳು ನಡೆಯಲ್ಲಿ ಎಷ್ಟರಮಟ್ಟಿಗೆ ಇಳಿದಿವೆಯೆಂಬುದನ್ನು ಅಳೆದು ನೋಡಲು ಈ ಒಂದು ಪ್ರಶ್ನೆಯೇ ಸಾಕು.

ಬೆಕ್ಕು ಮಾನವನ ಮನೆಗೆ ಬಂದುದು ಧಾನ್ಯದ ದಾರಿಯಿಂದ. ಮನುಷ್ಯನು ಒಕ್ಕಲುತನವನ್ನು ಕಲಿತು ಕಾಳನ್ನು ಕೂಡಿಡತೊಡಗಿದಾಗ ಕಾಳಿನ ಹಿಂದೆ ಇಲಿ ಬಂದಿತು, ಇಲಿಯ ಹಿಂದೆ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರುಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಎಲುಬುಗಳ ಸಮೀಪದಲ್ಲಿಯೇ ಬೆಕ್ಕೊಂದನ್ನು ಹೂಳಿದ್ದ ಕುರುಹು ದೊರೆತ ಸಂಗತಿಯು 2004ರಲ್ಲಿ ಪ್ರಕಟವಾಯಿತು. ಅಷ್ಟು ಹಿಂದಿನಿಂದಲೂ ಈ ಎರಡು ಜೀವಿಗಳ ನಂಟು ನಡೆದು ಬಂದಿದೆ. ಕನ್ನಡ ನಾಡಿನ ಒಕ್ಕಲುಮನೆಗಳಲ್ಲಿಯೂ ಹಾಗೆಯೇ. ಕಣಜದಲ್ಲಿ ಭತ್ತವಿದ್ದ ಕಡೆ, ಪಡಸಾಲೆಯಲ್ಲಿ ಜೋಳದ ಚೀಲಗಳನ್ನು ಒಟ್ಟಿದ ಕಡೆ ಬೆಕ್ಕಿಗೆ ತಾವಿತ್ತು. ಯಾರೂ ಅದನ್ನು ಕಟ್ಟಲಿಲ್ಲ, ಯಾರೂ ಅದಕ್ಕೆ ಕಲಿಸಲಿಲ್ಲ. ಹಗಲು ಒಲೆಯ ಬದಿಯಲ್ಲಿ ಮಲಗಿ ಇರುಳು ಕಾಳನ್ನು ಕಾಯುತ್ತಿತ್ತು. ಮನೆಯವರು ಉಂಡು ಮಿಕ್ಕ ಹಾಲನ್ನವನ್ನು ಬಟ್ಟಲಿಗೆ ಹಾಕಿದರೆ ಅದಕ್ಕೆ ಸಾಕಾಗಿತ್ತು. ಇಂದು ಕಣಜಗಳಿಲ್ಲದ ಪಟ್ಟಣದ ಮನೆಗಳಲ್ಲಿಯೂ ಅದು ಮಕ್ಕಳ ಒಡನಾಡಿಯಾಗಿ, ಒಂಟಿಯಾದ ಹಿರಿಯರ ಜೊತೆಗಾರನಾಗಿ ಉಳಿದುಕೊಂಡಿದೆ.

ಹರೆಯದಲ್ಲಿರುವಾಗ ಬೆಕ್ಕು ಮನೆಯವರಿಂದ ಕೇಳುವುದು ಅತ್ಯಲ್ಪ. ಮುಪ್ಪು ಬಂದಾಗಲೇ ಅದಕ್ಕೆ ಆಸರೆ ಬೇಕಾಗುತ್ತದೆ. ವಿಚಿತ್ರವೇನೆಂದರೆ, ಆಗಲೂ ಅದು ಕೇಳುವುದಿಲ್ಲ. ನಾಯಿಯು ನೋವಾದರೆ ಕುಂಟುತ್ತದೆ, ಕುಂಯ್‌ಗುಟ್ಟುತ್ತದೆ. ಬೆಕ್ಕು ನೋವನ್ನು ಮರೆಸಿಟ್ಟುಕೊಳ್ಳುವ ಸ್ವಭಾವದ್ದು. ಬಲಹೀನತೆಯನ್ನು ತೋರಿದರೆ ವೈರಿಗೆ ತುತ್ತಾಗಬೇಕಾದೀತೆಂಬ ಕಾಡಿನ ಪಾಠವು ಅದರ ರಕ್ತದಲ್ಲಿ ಇನ್ನೂ ಉಳಿದಿದೆ. ಆದುದರಿಂದ ಅದರ ನೋವು ನೋವಾಗಿ ಕಾಣದೆ ಬೇರೆ ರೂಪದಲ್ಲಿ ಕಾಣುತ್ತದೆ. ಒಂದೇ ನೆಗೆತಕ್ಕೆ ಗೋಡೆಯನ್ನೇರುತ್ತಿದ್ದುದು ಈಗ ಕೆಳಗೆ ನಿಂತು ಮೇಲೆ ನೋಡಿ, ಅನುಮಾನಿಸಿ, ಹಿಂದಿರುಗುತ್ತದೆ. ಮೈಯನ್ನು ನೆಕ್ಕಿಕೊಳ್ಳುವಾಗ ಬೆನ್ನಿನ ಕಡೆಗೆ ಕತ್ತು ಹೊರಳದೆ ಅಲ್ಲಿಯ ಕೂದಲು ಗಂಟುಗಟ್ಟುತ್ತದೆ. ಬೆನ್ನು ಸವರಿದರೆ ಥಟ್ಟನೆ ಪರಚುತ್ತದೆ. ಮರಳಿನ ತಟ್ಟೆಯ ಅಂಚನ್ನು ದಾಟಲು ಸೊಂಟ ಏಳದೆ ಪಕ್ಕದಲ್ಲಿಯೇ ಹೊಲಸು ಮಾಡುತ್ತದೆ.

ಇದನ್ನು ಕಂಡ ಮನೆಯವರು ಏನನ್ನುತ್ತಾರೆ? ನೆಗೆಯದಿದ್ದುದಕ್ಕೆ ಸೋಮಾರಿಯೆನ್ನುತ್ತಾರೆ, ಪರಚಿದುದಕ್ಕೆ ಕೊಬ್ಬೆನ್ನುತ್ತಾರೆ, ಹೊಲಸು ಮಾಡಿದುದಕ್ಕೆ ಕೋಲೆತ್ತುತ್ತಾರೆ. ಅಮೆರಿಕದಲ್ಲಿ 12 ವರುಷ ಮೀರಿದ 100 ಬೆಕ್ಕುಗಳ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 90 ಬೆಕ್ಕುಗಳಿಗೆ ಕೀಲಿನ ಸವೆತವಿದ್ದುದು ಕಂಡುಬಂದಿತು. ಮೊಣಕೈ, ಸೊಂಟ, ಬೆನ್ನೆಲುಬು ಈ ಎಡೆಗಳಲ್ಲಿ ಎಲುಬುಗಳ ನಡುವಿನ ಮೆತ್ತನೆಯ ಭಾಗವು ಸವೆದು ಎಲುಬಿಗೆ ಎಲುಬು ಒರಸುವ ನೋವು ಎಂಥದೆಂಬುದನ್ನು ಮಂಡಿನೋವಿನ ಹಿರಿಯರಿರುವ ಮನೆಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿಯು ಮೆಟ್ಟಿಲೇರಲಾರದಿದ್ದರೆ ಅದು ಮುಪ್ಪು, ಬೆಕ್ಕು ಏರಲಾರದಿದ್ದರೆ ಅದು ಸೋಮಾರಿತನ ಎಂದು ಬಗೆಯುವ ಮನಸ್ಸಿನಲ್ಲಿ ಕ್ರೌರ್ಯವಿರಲಿಕ್ಕಿಲ್ಲ. ಅರಿವಿನ ಕೊರತೆ ಮಾತ್ರ ಇದೆ. ಆದರೆ ಪೆಟ್ಟು ತಿನ್ನುವ ಜೀವಿಗೆ ಈ ಎರಡರ ನಡುವೆ ಭೇದವಿಲ್ಲ. ದಯೆಗೆ ಮೊದಲು ಅರಿವು ಬೇಕೆಂಬುದು ಇಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನೆತ್ತಬಹುದು. ಶರಣರು ಕಾಯಕಕ್ಕೆ ಪರಮ ಸ್ಥಾನವನ್ನು ಕೊಟ್ಟರು. ದುಡಿಯದೆ ಉಣ್ಣುವುದನ್ನು ಒಪ್ಪಲಿಲ್ಲ. ಇಲಿ ಹಿಡಿಯುವುದೇ ಬೆಕ್ಕಿನ ಕಾಯಕವಾಗಿದ್ದರೆ, ಅದನ್ನು ಮಾಡಲಾರದ ಬೆಕ್ಕಿಗೆ ಅನ್ನದ ಹಕ್ಕೆಲ್ಲಿಯದು? ಮೇಲಾಗಿ, ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಜನ್ಮವೆಲ್ಲ ಕೊಂದು ತಿಂದ ಪ್ರಾಣಿಗೆ ಅಹಿಂಸಾವ್ರತಿಯಾದ ಭಕ್ತನು ಸೇವೆ ಮಾಡುವುದುಂಟೆ?

ಮೊದಲನೆಯ ಮಾತನ್ನು ವಿಚಾರಿಸೋಣವಾಗಲಿ. ಕಾಯಕವು ಶರಣನು ತನಗೆ ತಾನೇ ಹಾಕಿಕೊಂಡ ಕಟ್ಟು. ಪರರನ್ನು ಅಳೆಯುವ ಕೋಲಾಗಿ ಅದು ಹುಟ್ಟಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತಿದೆ. ಗಂಡನಾದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಮಿಕ್ಕುದನ್ನು ತಿರುಗಿ ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಆಕೆಯ ಕಾಯಕನಿಷ್ಠೆಯು ತನ್ನ ಮನೆಯ ಆಸೆಯ ಮೇಲೆ ಬಿಗಿಯಾಯಿತಲ್ಲದೆ, ಬಾಗಿಲಿಗೆ ಬಂದವನ ಹಸಿವಿನ ಮೇಲೆ ಬಿಗಿಯಾಗಲಿಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಏನು ದುಡಿದೆಯೆಂದು ಕೇಳುವ ರೂಢಿಯಿಲ್ಲ. ದುಡಿಯಬಲ್ಲವನು ದುಡಿಯಬೇಕು, ದುಡಿದು ಸವೆದವನು ಉಣ್ಣಬೇಕು. ಇವೆರಡೂ ಒಂದೇ ಧರ್ಮದ ಎರಡು ಕೈಗಳು.

ಎರಡನೆಯ ಮಾತು ಇನ್ನೂ ಸೂಕ್ಷ್ಮವಾದುದು. ಬೆಕ್ಕು ಇಲಿಯನ್ನು ಕೊಂದುದು ಅಹುದು. ಆದರೆ ಅದರಿಂದ ಉಳಿದ ಕಾಳನ್ನು ಉಂಡವರಾರು? ಇಲಿಯ ಸಾವಿನಲ್ಲಿ ಮನೆಯವರಿಗೂ ಪಾಲು ಸಂದಿದೆ. ಬೆಕ್ಕು ಹಸಿವಿಗಾಗಿ, ತನ್ನ ಹುಟ್ಟುಗುಣಕ್ಕೆ ತಕ್ಕಂತೆ ಕೊಂದಿತು. ಮನೆಯಾತನು ಕೈ ಕೆಸರುಮಾಡಿಕೊಳ್ಳದೆ ಲಾಭವನ್ನು ಪಡೆದನು. ಹೀಗಿರಲು ಉಗುರು ಮೊಂಡಾದ ದಿನ ಅದನ್ನು ಹಿಂಸಕಪ್ರಾಣಿಯೆಂದು ದೂರ ಮಾಡುವುದು ಧರ್ಮವೆನಿಸದು.

ಇಲ್ಲಿಂದ ಮುಂದೆ ಪ್ರಶ್ನೆಯು ಕಠಿಣವಾಗುತ್ತದೆ. ದಯೆ ತೋರಬೇಕೆಂಬುದನ್ನು ಒಪ್ಪಿದ ಮೇಲೆ, ಅದನ್ನು ಯಾರ ಅಳತೆಯಿಂದ ತೋರಬೇಕು? ಕೊಡುವವನು ತನಗೆ ಹಿತವಾದುದನ್ನು ಕೊಟ್ಟು ಕೃತಾರ್ಥನಾಗುವುದು ಸುಲಭ. ಅದು ಪಡೆಯುವವನಿಗೆ ಹಿತವಾಯಿತೇ ಎಂದು ನೋಡುವುದು ಕಷ್ಟ. ಮುದಿಬೆಕ್ಕಿನ ವಿಷಯದಲ್ಲಿ ಒಳ್ಳೆಯ ಮನಸ್ಸಿನವರೇ ಮಾಡುವ ಮೂರು ಅಪಕಾರಗಳು ಈ ಮಾತಿಗೆ ನಿದರ್ಶನವಾಗಿವೆ.

ಮೊದಲನೆಯದು ಹಾಲು. ಹಾಲಿಗಿಂತ ಪವಿತ್ರವಾದ ಆಹಾರವಿಲ್ಲವೆಂದು ಭಾವಿಸಿ ಬಟ್ಟಲು ತುಂಬ ಎರೆಯುತ್ತಾರೆ. ಆದರೆ ತಾಯಿಯ ಮೊಲೆಯನ್ನು ಬಿಟ್ಟು ಬೆಳೆದ ಬಹಳ ಬೆಕ್ಕುಗಳಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದಿರುತ್ತದೆ. ಭೇದಿಯಾಗಿ ಮುದಿಮೈ ಮತ್ತಷ್ಟು ಸೊರಗುತ್ತದೆ. ಎರಡನೆಯದು ಉಪವಾಸ. ಮೈ ಭಾರವಾದರೆ ಸವೆದ ಕೀಲುಗಳಿಗೆ ನೋವು ಹೆಚ್ಚುವುದು ದಿಟವೇ. ಅದಕ್ಕಾಗಿ ಕೆಲವರು ಬೆಕ್ಕನ್ನು ಎರಡು ಮೂರು ದಿನ ಬರಿ ಹೊಟ್ಟೆಯಲ್ಲಿ ಕೆಡವುತ್ತಾರೆ. ಮನುಷ್ಯನಿಗೆ ಉಪವಾಸವು ವ್ರತವಾಗಬಹುದು. ಕೊಬ್ಬಿದ ಬೆಕ್ಕು ಹಾಗೆ ಉಪವಾಸ ಬಿದ್ದರೆ ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಅದರ ತೂಕವನ್ನು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿಸಬೇಕು. ಮೂರನೆಯದು, ಎಲ್ಲಕ್ಕೂ ಘೋರವಾದುದು, ಮನೆಯ ನೋವಿನ ಮಾತ್ರೆ. ಅಜ್ಜನ ಮಂಡಿನೋವಿಗೆ ತಂದ ಪ್ಯಾರಾಸಿಟಮಾಲ್ ಬೆಕ್ಕಿಗೂ ಆದೀತೆಂದು ಕರುಣೆಯಿಂದಲೇ ಕೊಡುತ್ತಾರೆ. ಆ ಔಷಧವನ್ನು ನಿರ್ವಿಷಗೊಳಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತವು ಪ್ರಾಣವಾಯುವನ್ನು ಹೊರಲಾರದಂತಾಗಿ, ಒಸಡು ಕಂದಿ, ಉಸಿರು ಕಟ್ಟಿ, ಒಂದೇ ಮಾತ್ರೆಯಿಂದ ಬೆಕ್ಕು ಸಾಯಬಹುದು. ಮೂರೂ ಕಡೆ ಮನಸ್ಸು ಒಳ್ಳೆಯದೇ, ಅಳತೆ ಮಾತ್ರ ಮನುಷ್ಯನದು.

ಸದ್ಭಕ್ತರ ಮನೆಯಲ್ಲಿ ಇದೇ ಅಳತೆಯ ಪ್ರಶ್ನೆಯು ಆಹಾರದಲ್ಲಿ ಮತ್ತೂ ತೀವ್ರವಾಗಿ ಎದುರಾಗುತ್ತದೆ. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಟಾರಿನ್ ಎಂಬ ಒಂದು ಸತ್ವವನ್ನು ಬೇಕಾದಷ್ಟು ಉತ್ಪತ್ತಿಮಾಡಿಕೊಳ್ಳುವ ಶಕ್ತಿ ಅದರ ಮೈಗೆ ಇಲ್ಲ. ಅದು ಮಾಂಸ ಮೀನುಗಳಲ್ಲಿದೆ, ಅಕ್ಕಿ ಜೋಳಗಳಲ್ಲಿ ಇಲ್ಲ, ಆಕಳ ಹಾಲಿನಲ್ಲಿ ಇರುವುದು ಅತ್ಯಲ್ಪ. ಅದು ದೊರೆಯದಿದ್ದರೆ ಬೆಕ್ಕಿನ ಕಣ್ಣಿನ ಒಳಪೊರೆ ಕ್ಷಯಿಸುತ್ತದೆಂದು 1975ರಲ್ಲಿಯೂ, ಹೃದಯದ ಸ್ನಾಯು ಸಡಿಲಗೊಳ್ಳುತ್ತದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಗಾದರೆ ತಲೆತಲಾಂತರದಿಂದ ಹಾಲನ್ನ ತಿಂದ ಬೆಕ್ಕುಗಳು ಬದುಕಿದುದು ಹೇಗೆ? ಹಾಲನ್ನವು ಅವುಗಳಿಗೆ ತಿಂಡಿಯಾಗಿತ್ತೇ ಹೊರತು ಊಟವಾಗಿರಲಿಲ್ಲ. ಮನೆಯಾತನು ಮಲಗಿದ ಮೇಲೆ ಇಲಿ ಹಲ್ಲಿಗಳನ್ನು ಹಿಡಿದು ತಮ್ಮ ಊಟವನ್ನು ತಾವೇ ಹುಡುಕಿಕೊಳ್ಳುತ್ತಿದ್ದವು. ಮನೆಯ ವ್ರತಕ್ಕೂ ಬೆಕ್ಕಿನ ಬದುಕಿಗೂ ತಿಕ್ಕಾಟವಾಗದಂತೆ ಕತ್ತಲೆಯೇ ಕಾಪಾಡಿತ್ತು.

ಮುಪ್ಪು ಈ ಮರೆಯನ್ನು ಕಿತ್ತೊಗೆಯುತ್ತದೆ. ಕೀಲು ಬಿಗಿದ ಬೆಕ್ಕು ಬೇಟೆಯಾಡಲಾರದು. ಅಂದಿನಿಂದ ಬಟ್ಟಲಿಗೆ ಬಿದ್ದುದೇ ಅದರ ಪೂರ್ಣಾಹಾರ. ಬರಿಯ ಹಾಲನ್ನವನ್ನು ಹಾಕಿ, ಮನೆಯ ಶುದ್ಧಿಯನ್ನು ಉಳಿಸಿಕೊಂಡೆನೆಂದು ಗೃಹಸ್ಥನು ಸಮಾಧಾನ ತಾಳಿದರೆ, ಅವನ ವ್ರತದ ಬೆಲೆಯನ್ನು ಬೆಕ್ಕು ತನ್ನ ಕಣ್ಣಿನಿಂದ ತೆರಬೇಕಾಗುತ್ತದೆ. ವ್ರತವು ಹಿಡಿದವನಿಗೆ ಸೇರಿದ್ದು. ಅದರ ಕಷ್ಟವನ್ನು ಹೊರಬೇಕಾದವನೂ ಅವನೇ.

ಹಾಗೆಂದು ಭಕ್ತನ ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಕೆಂದು ಅರ್ಥವಲ್ಲ. ಬೆಕ್ಕಿಗೆ ಬೇಕಾದ ಎಲ್ಲ ಸತ್ವಗಳನ್ನೂ ಟಾರಿನನ್ನೂ ಕೂಡಿಸಿ ಸಿದ್ಧಪಡಿಸಿದ ಆಹಾರವು ಇಂದು ಪೊಟ್ಟಣಗಳಲ್ಲಿ ಪಟ್ಟಣದ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಹಿತ್ತಿಲ ಜಗಲಿಯಲ್ಲಿ ಬೇರೆ ಬಟ್ಟಲಿನಲ್ಲಿಟ್ಟು, ಬೇರೆ ನೀರಿನಲ್ಲಿ ತೊಳೆದುಕೊಳ್ಳಬಹುದು. ಅದರಲ್ಲಿಯೂ ಒಂದು ಜೀವಿಯ ಮಾಂಸವಿರುವುದು ನಿಜ. ಈ ನೋವು ಸಂಪೂರ್ಣವಾಗಿ ಕರಗುವಂಥದಲ್ಲ. ಬೆಕ್ಕನ್ನು ಸಾಕುವ ಅಹಿಂಸಾವ್ರತಿಯು ಈ ಕಸಿವಿಸಿಯನ್ನು ಒಳಗಿಟ್ಟುಕೊಂಡೇ ನಡೆಯಬೇಕಾಗಿದೆ. ಇದು ತನ್ನಿಂದ ಸರ್ವಥಾ ಆಗದೆನ್ನುವವನು ಬೆಕ್ಕನ್ನು ಪ್ರೀತಿಯಿಂದ ನೋಡಿಕೊಳ್ಳುವ ಬೇರೊಂದು ಮನೆಗೆ ಒಪ್ಪಿಸಬೇಕು, ಮುಂದೆ ಮರಿಯನ್ನು ತರುವ ಮೊದಲೇ ಇದನ್ನು ಯೋಚಿಸಬೇಕು. ಇಟ್ಟುಕೊಂಡು ಸೊರಗಿಸುವುದು ಮಾತ್ರ ಯಾವ ವ್ರತಕ್ಕೂ ಶೋಭೆಯಲ್ಲ.

ಉಳಿದ ಸೇವೆಗೆ ಹಣಕ್ಕಿಂತ ಗಮನವೇ ಹೆಚ್ಚು ಬೇಕು. ಹಳೆಯ ಕೌದಿಯೊಂದನ್ನು ನಾಲ್ಕಾಗಿ ಮಡಿಸಿ, ಗಾಳಿ ಬೀಸದ ಬೆಚ್ಚನೆಯ ಮೂಲೆಯಲ್ಲಿ ಹಾಸಿಕೊಡಬೇಕು. ಚಳಿಗಾಲದ ತಣ್ಣನೆಯ ಕಲ್ಲುನೆಲವು ಬಿಗಿದ ಕೀಲುಗಳಿಗೆ ಹಗೆ. ಅದು ಇಷ್ಟಪಡುವ ಕಿಟಕಿಯ ಕಟ್ಟೆಗೆ ಮಣೆ ಪೆಟ್ಟಿಗೆಗಳನ್ನಿಟ್ಟು ಮೆಟ್ಟಿಲಿನಂತೆ ಮಾಡಬೇಕು. ಮರಳಿನ ತಟ್ಟೆಯ ಅಂಚು ಗಿಡ್ಡವಾಗಿರಬೇಕು, ಮಲಗುವ ಎಡೆಗೆ ಹತ್ತಿರವಿರಬೇಕು. ನೀರು ಎರಡು ಮೂರು ಕಡೆ ಇರಬೇಕು. ಬೆನ್ನಿನ ಕೂದಲನ್ನು ಮೆತ್ತನೆಯ ಬಾಚಣಿಗೆಯಿಂದ ನಿತ್ಯವೂ ಬಾಚಬೇಕು. ಓಡಾಟ ಕಡಿಮೆಯಾದ ಬೆಕ್ಕಿನ ಉಗುರು ಸವೆಯದೆ ಬೆಳೆದು ಸುತ್ತಿಕೊಂಡು ಅಂಗಾಲಿಗೇ ಚುಚ್ಚುವುದುಂಟು. ಅದನ್ನು ನೋಡಿ ತುದಿಯನ್ನು ಕತ್ತರಿಸಬೇಕು. ಇಷ್ಟಕ್ಕೆ ದಿನಕ್ಕೆ ಕಾಲು ಗಂಟೆ ಸಾಲುತ್ತದೆ.

ಎಲ್ಲವನ್ನೂ ಮುಪ್ಪಿನ ಮೇಲೆ ಹಾಕಿ ಸುಮ್ಮನಿರುವುದೂ ಸಲ್ಲದು. ಬಹಳ ನೀರು ಕುಡಿದು ಬಹಳ ಮೂತ್ರ ಮಾಡುತ್ತ ಇಳಿದುಹೋಗುವುದು ಮೂತ್ರಪಿಂಡದ ಕಾಯಿಲೆಯ ಅಥವಾ ಸಕ್ಕರೆ ಕಾಯಿಲೆಯ ಚಿಹ್ನೆಯಿರಬಹುದು. ಹೆಚ್ಚು ತಿಂದೂ ಬಡಕಲಾಗುವುದು ಥೈರಾಯ್ಡ್ ಗ್ರಂಥಿಯ ಕೆರಳಿಕೆಯಿಂದಿರಬಹುದು. ಬಾಯಿಂದ ಜೊಲ್ಲು ಸುರಿದು ತುತ್ತು ಜಾರಿದರೆ ಹಲ್ಲನ್ನು ನೋಡಬೇಕು. ಒಮ್ಮಿಂದೊಮ್ಮೆಗೆ ಕುರುಡಾದರೆ ರಕ್ತದೊತ್ತಡವನ್ನು ಸಂದೇಹಿಸಬೇಕು. ಇವಕ್ಕೆಲ್ಲ ಪಶುವೈದ್ಯರಲ್ಲಿ ಉಪಾಯಗಳುಂಟು. ಕೀಲುನೋವಿಗೂ ಬೆಕ್ಕಿನ ತೂಕಕ್ಕೆ ತಕ್ಕಂತೆ, ಮೂತ್ರಪಿಂಡವನ್ನು ಪರೀಕ್ಷಿಸಿ ಅವರು ಕೊಡುವ ಔಷಧಗಳಿವೆ. ನೋವಿನ ಸಂದೇಶವನ್ನೇ ತಡೆಯುವ, ತಿಂಗಳಿಗೊಮ್ಮೆ ಚುಚ್ಚುವ ಫ್ರುನೆವೆಟ್‌ಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2022ರ ಜನವರಿಯಲ್ಲಿ ಒಪ್ಪಿಗೆ ದೊರೆಯಿತು. ಮುಪ್ಪಿಗೆ ಮದ್ದಿಲ್ಲವೆಂಬುದು ಸರಿ. ಮುಪ್ಪಿನ ನೋವಿಗೆ ಮದ್ದಿಲ್ಲವೆಂಬುದು ಈಗ ಸರಿಯಲ್ಲ.

ಮನುಷ್ಯರೇ ಹಸಿದಿರುವಾಗ ಬೆಕ್ಕಿಗೆ ಖರ್ಚೇಕೆ ಎಂದು ಕೇಳುವವರಿದ್ದಾರೆ. ಮನುಷ್ಯನ ಹಸಿವು ಮೊದಲಿನದೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬೆಕ್ಕಿನ ಬಟ್ಟಲಿನಿಂದ ಉಳಿಸಿದ ಹಣವು ಹಸಿದವನ ಎಲೆಗೆ ಹೋಯಿತೇ ಎಂದು ಕೇಳುವವನು ತನ್ನ ಮನಸ್ಸನ್ನೇ ವಿಚಾರಿಸಿಕೊಳ್ಳಲಿ. ಬಡವನಾದವನು ವೈದ್ಯಕ್ಕೆ ಹಣ ತರಲಾರದಿದ್ದರೆ ಅದರಲ್ಲಿ ದೋಷವಿಲ್ಲ. ಕೌದಿಯನ್ನು ಮಡಿಸಿ ಹಾಸುವುದಕ್ಕೆ ಬಡತನವು ಅಡ್ಡಬರುವುದಿಲ್ಲ.

ಹೇಳಲು ನಾಚಿಕೆಯಾದರೂ ಹೇಳಲೇಬೇಕಾದ ಮತ್ತೊಂದು ರೂಢಿಯಿದೆ. ಹೊಲಸು ಮಾಡತೊಡಗಿದ ಮುದಿಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ದೂರದ ಸಂತೆಯಲ್ಲೋ ಊರಾಚೆಯಲ್ಲೋ ಬಿಟ್ಟು ಬರುವುದು. ಕೊಲ್ಲಲಿಲ್ಲ, ಆದುದರಿಂದ ಪಾಪವಿಲ್ಲವೆಂದು ಅವರ ಎಣಿಕೆ. ಕಾಲಿಲ್ಲದ ಬೇಟೆಗಾರನನ್ನು ನಾಯಿಗಳ ನಡುವೆ ಬಿಡುವುದಕ್ಕೂ ಕೊಲ್ಲುವುದಕ್ಕೂ ವ್ಯತ್ಯಾಸವು ಬಿಟ್ಟವನ ಕಣ್ಣಿಗೆ ಮಾತ್ರ. ಹಸಿವು ನೀರಡಿಕೆಗಳಿಂದ ಬಳಲುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದನ್ನು ಭಾರತದ ಪ್ರಾಣಿಹಿಂಸಾ ನಿವಾರಣ ಕಾಯಿದೆಯು 1960ರಲ್ಲಿಯೇ ಅಪರಾಧವೆಂದಿತು. ಆ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡವು 10ರಿಂದ 50 ರೂಪಾಯಿಗಳು. ಜೀವಿಗಳಲ್ಲಿ ಅನುಕಂಪವಿರುವುದು ಪ್ರಜೆಯ ಕರ್ತವ್ಯವೆಂದು ಸಂವಿಧಾನದಲ್ಲಿ 1976ರಲ್ಲಿ ಸೇರಿಸಲಾಯಿತು. ಕಾನೂನಿನ ಕೈ ಊರಾಚೆಯ ಕತ್ತಲೆಯವರೆಗೆ ಚಾಚುವುದು ಅಪರೂಪ. ಅಲ್ಲಿ ಸಾಕ್ಷಿಯಾಗಿರುವುದು ಚೀಲವನ್ನು ಬಿಚ್ಚಿದ ಕೈಗಳು ಮಾತ್ರ.

ಕಡೆಯದಾಗಿ ಸಾವಿನ ಮಾತು. ಯಾವ ಔಷಧಕ್ಕೂ ಬಗ್ಗದ ನೋವಿನಲ್ಲಿ ಅನ್ನನೀರು ಬಿಟ್ಟು ಕಿಡಿಗಣ್ಣು ಮುಚ್ಚಿ ಬಿದ್ದಿರುವ ಬೆಕ್ಕಿಗೆ ಚುಚ್ಚುಮದ್ದಿನಿಂದ ಸುಖವಾದ ಮರಣ ಕೊಡಬಹುದೆಂದು ಪಶುವೈದ್ಯರು ಹೇಳುವ ಸಂದರ್ಭ ಬರಬಹುದು. ಕೊಡದ ಪ್ರಾಣವನ್ನು ತೆಗೆಯುವ ಅಧಿಕಾರ ತನಗಿಲ್ಲವೆಂದು ಒಬ್ಬ ಭಕ್ತನು ಹಿಂಜರಿಯಬಹುದು; ಕೊನೆಯಿಲ್ಲದ ಯಾತನೆಗೆ ಸಾಕ್ಷಿಯಾಗಿ ನಿಲ್ಲಲಾರೆನೆಂದು ಮತ್ತೊಬ್ಬನು ಒಪ್ಪಬಹುದು. ಇಬ್ಬರನ್ನೂ ಹೀಗಳೆಯಲಾಗದು. ಇಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ನಿರ್ಧಾರದಿಂದ ತಗ್ಗುವುದು ಬೆಕ್ಕಿನ ನೋವೋ, ತನ್ನ ತೊಂದರೆಯೋ? ಬದುಕಿಸುವೆನೆಂದವನು ನೋವಿನ ಔಷಧವನ್ನು ಕೊಡಿಸಿ ಕಡೆಯವರೆಗೆ ಪಕ್ಕದಲ್ಲಿ ಕುಳಿತಿರಬೇಕು. ಕಳುಹಿಸಿಕೊಡುವೆನೆಂದವನೂ ಹಾಗೆಯೇ ಕುಳಿತಿರಬೇಕು.

ಮನೆಯಲ್ಲಿ ಈ ಸೇವೆಯನ್ನು ನೋಡುವವರು ಇಬ್ಬರಿದ್ದಾರೆಂಬುದನ್ನು ಗೃಹಸ್ಥನು ಮರೆಯಬಾರದು. ಒಬ್ಬರು ಮಕ್ಕಳು. ದುಡಿಮೆ ಮುಗಿದ ಜೀವಿಯನ್ನು ಏನು ಮಾಡಬೇಕೆಂಬ ಪಾಠವನ್ನು ಅವರು ಪುಸ್ತಕದಿಂದ ಕಲಿಯುವುದಿಲ್ಲ. ಇನ್ನೊಬ್ಬರು ಅದೇ ಪಡಸಾಲೆಯಲ್ಲಿ ಮಂಡಿ ನೀವಿಕೊಳ್ಳುತ್ತ ಕುಳಿತಿರುವ ಹಿರಿಯರು. ಏರಲಾರದ ಬೆಕ್ಕಿಗೆ ಸೊಸೆಯೋ ಮಗನೋ ಮಣೆಯನ್ನು ಇಟ್ಟುಕೊಟ್ಟುದನ್ನು ಅವರು ನೋಡುತ್ತಾರೆ. ಕೋಲೆತ್ತಿದರೆ ಅದನ್ನೂ ನೋಡುತ್ತಾರೆ. ಏನನ್ನೂ ಅನ್ನುವುದಿಲ್ಲ. ಆದರೆ ಈ ಮನೆಯಲ್ಲಿ ಮುಪ್ಪಿಗೆ ಎಷ್ಟು ತಾವಿದೆಯೆಂಬುದು ಆ ದಿನ ಅವರಿಗೆ ತಿಳಿಯುತ್ತದೆ.